ಮೂರನೇ ಸಲದ ಉಪಚಾರ

ಅಟ್ರಾಕ್ಟಾ: ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?

ಜಾರ್ಲತ್: ಎರಡನೇ ಸಲಕ್ಕೇ ಹೂಂ ಅನ್ನೋದಾ? ನಾನೇನು ಬರಗೆಟ್ಟು ನಿಂತಿದ್ದೀನಾ?

ಅಟ್ರಾಕ್ಟಾ: ಆ ಕೋಲ್ಮನ್ ಭಾನುವಾರ ಚರ್ಚಿನ ಗೇಟಲ್ಲಿ ತಾನಾಗೇ ಬಂದು, "ನೀವಿಬ್ರೂ ಗಾಲ್ವೇಗೆ ಹೋಗಿಬನ್ನಿ, ಹಸುಗಳನ್ನ ನಾನು ನೋಡ್ಕೋತೀನಿ" ಅಂದ. ಒಂದು ಸಲ ಅಲ್ಲ, ಎರಡು ಸಲ ಅಂದ.

ಜಾರ್ಲತ್: ಮೂರನೇ ಸಲ ಅನ್ನಲಿಲ್ವಲ್ಲ.

ಅಟ್ರಾಕ್ಟಾ: ಅನ್ನೋಕೆ ಬಿಟ್ರೆ ತಾನೇ?

ಜಾರ್ಲತ್: ನಾನೆಲ್ಲಿ ತಡೆದೆ? ಅವನು ಬಾಯಿ ತೆಗೆದಿದ್ದ ಕಣೇ. ಅಷ್ಟರಲ್ಲಿ ಪಾದ್ರಿ ಬಂದು ಮಳೆ ವಿಷಯ ಎತ್ತಿದ್ರು. ಪಾದ್ರಿಗಳ ಮಾತು ಮುಗಿಯೋ ಹೊತ್ತಿಗೆ ಕೋಲ್ಮನ್ ಕಾರು ಹತ್ತಿದ್ದ. ಇದ್ರಲ್ಲಿ ನನ್ನ ತಪ್ಪು ಏನಿದೆ ಹೇಳು.

ಅಟ್ರಾಕ್ಟಾ ಹಿಟ್ಟು ನಾದುತ್ತಿದ್ದ ಕೈಯನ್ನು ನಿಲ್ಲಿಸಿ ತಮ್ಮನ ಮುಖ ನೋಡಿದಳು. ಅರವತ್ತು ದಾಟಿದ ಗಂಡಸು, ಮೈಮೇಲೆ ಶುಭ್ರವಾದ ಸ್ವೆಟರು, ಮುಖದಲ್ಲಿ ಹಾಲು ಕುಡಿದ ಮಗುವಿನ ಮುಗ್ಧತೆ. ಅವನು ಹೇಳಿದ್ದರಲ್ಲಿ ಕ್ಲೂನ್‌ಬಾನ್ ಊರಿನ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಅದೇ ಅವಳಿಗೆ ಮೈ ಉರಿಯುವಂತೆ ಮಾಡಿದ್ದು.

ಆ ಊರಿನಲ್ಲಿ ಯಾರೇ ಏನೇ ಕೊಡುತ್ತೇನೆಂದರೂ ಮೊದಲ ಸಲ ಬೇಡ ಎನ್ನಬೇಕು, ಎರಡನೇ ಸಲ ಅಯ್ಯೋ ಬೇಡವೇ ಬೇಡ ಎನ್ನಬೇಕು, ಮೂರನೇ ಸಲ ನಿಟ್ಟುಸಿರು ಬಿಟ್ಟು ನಿಮ್ಮ ಬಲವಂತಕ್ಕೆ ಎಂದು ಒಪ್ಪಿಕೊಳ್ಳಬೇಕು. ಒಂದು ಲೋಟ ಚಹಾಕ್ಕೂ ಇದೇ, ಒಂದು ಟ್ರಾಕ್ಟರಿಗೂ ಇದೇ. ಮೊದಲ ಸಲಕ್ಕೇ ಒಪ್ಪಿಕೊಂಡವರನ್ನು ಊರಿನವರು ಬೈಯುವುದಿಲ್ಲ. ಅವರ ಅಜ್ಜಿ ಯಾವ ಊರಿನವಳು ಎಂದು ಮೆಲ್ಲಗೆ ವಿಚಾರಿಸುತ್ತಾರೆ, ಅಷ್ಟೆ.

ಅಟ್ರಾಕ್ಟಾ: ಹಂಗಾದ್ರೆ ನೀನೇ ಫೋನ್ ಮಾಡು. ಆವತ್ತು ಅಂದ್ಯಲ್ಲಪ್ಪ, ಆಯ್ತು ನೋಡ್ಕೋ ಅಂತ ಹೇಳು.

ಜಾರ್ಲತ್: ಫೋನ್ ಮಾಡಿ ಕೇಳೋದಾ! ಕೇಳೋದು ಅಂದ್ರೆ ಏನು ಅಂತ ಗೊತ್ತಿದ್ದೂ ಹೇಳ್ತಿದ್ದೀಯಾ? ನಮ್ಮಪ್ಪ ಅವನಪ್ಪನ್ನ ಯಾವತ್ತೂ ಏನೂ ಕೇಳಿದವರಲ್ಲ.

ಅಟ್ರಾಕ್ಟಾ: ಕೇಳಿದವರಲ್ಲ, ನಿಜ. ಅವರ ಮನೆ ಬಾಗಿಲಲ್ಲಿ ನಿಂತು, ನಮ್ಮ ಏಣಿ ಮುರಿದುಹೋಯ್ತು ಅಂತ ನಿಟ್ಟುಸಿರು ಬಿಟ್ಟು ಏಣಿ ತರ್ತಿದ್ರು.

ಜಾರ್ಲತ್: ಅದು ಬೇರೆ. ಅದು ಮರ್ಯಾದೆ.

ಅಟ್ರಾಕ್ಟಾ: ಗಾಲ್ವೇ ಪಕ್ಕದ ಸಾಲ್ಟ್‌ಹಿಲ್‌ನಲ್ಲಿ ಕೋಣೆ ಬಾಡಿಗೆಗೆ ಕೊಡೋ ಮಿಸೆಸ್ ಹ್ಯಾನಿಫಿನ್ ನಮ್ಮ ಕೋಣೆನ ಇವತ್ತು ಸಾಯಂಕಾಲದವರೆಗೆ ಮಾತ್ರ ಹಿಡಿದಿಡ್ತೀನಿ ಅಂದಿದ್ದಾಳೆ. ಸಮುದ್ರದ ಕಡೆ ಕಿಟಕಿ ಇರೋ ಕೋಣೆ. ಆಗಸ್ಟ್ ಕೊನೇಲಿ ಅದು ಖಾಲಿ ಸಿಗೋದೇ ಪುಣ್ಯ.

ಜಾರ್ಲತ್: ಮುಂದಿನ ತಿಂಗಳು ಹೋದ್ರಾಯ್ತು.

ಅಟ್ರಾಕ್ಟಾ: ಮುಂದಿನ ತಿಂಗಳು ಗಾಳಿ ತಿರುಗುತ್ತೆ. ಆಮೇಲೆ ಮಳೆ. ಆಮೇಲೆ ನಿನಗೆ ಸೊಂಟ ನೋವು. ಜಾರ್ಲತ್, ಅಮ್ಮ ಹಾಸಿಗೆ ಹಿಡಿದ ಮೇಲೆ ನಾನು ಒಂದು ಬೇಸಿಗೆಗೂ ಸಮುದ್ರ ನೋಡಿಲ್ಲ. ಅಮ್ಮನ್ನ ನೋಡ್ಕೊಂಡಿದ್ದಕ್ಕೆ ನನಗೆ ಬೇಜಾರಿಲ್ಲ. ಅವಳು ಹೋದ್ಲು, ಅವಳಿಗೂ ಬಿಡುಗಡೆ ಆಯ್ತು. ಈಗ ನನಗೆ ನೀರಿಗಿಳೀಬೇಕು. ಕುತ್ತಿಗೆವರೆಗೂ ಇಳೀಬೇಕು. ಇದೊಂದು ಆಸೆ ಬಿಟ್ರೆ ನಾನು ನಿನ್ನನ್ನ ಬೇರೇನು ಕೇಳಿದ್ದೀನಿ ಹೇಳು.

ಜಾರ್ಲತ್ ಕಿಟಕಿಯ ಕಡೆ ತಿರುಗಿದ. ಯಾರಾದರೂ ಮನಸ್ಸಿನ ಮಾತನ್ನು ನೇರವಾಗಿ ಆಡಿದರೆ ಅವನು ಕಿಟಕಿಯ ಕಡೆ ತಿರುಗುತ್ತಿದ್ದ. ಈ ಸಲ ಅಲ್ಲಿ ನಿಜವಾಗಿಯೂ ನೋಡುವಂಥದ್ದಿತ್ತು.

ಜಾರ್ಲತ್: ಹೊಲ ದಾಟಿ ಯಾರೋ ಬರ್ತಿದಾರೆ. ಕೋಲ್ಮನ್ ಥರ ಇದೆ.

ಅಟ್ರಾಕ್ಟಾ: ಕೋಲ್ಮನ್ನಾ! ದೇವರು ದೊಡ್ಡವನು! ಮೂರನೇದನ್ನ ಹೇಳೋಕೇ ಬರ್ತಿದಾನೆ ಕಣೋ. ಇಷ್ಟು ದಿನ ಗಂಟಲಲ್ಲೇ ಇತ್ತು ಪಾಪ. ಇಲ್ಲಿ ಕೇಳು, ಅವನು ಬಾಯಿ ಬಿಟ್ಟ ತಕ್ಷಣ ನೀನು ಹೂಂ ಅನ್ನು.

ಜಾರ್ಲತ್: ತಕ್ಷಣಾನಾ?

ಅಟ್ರಾಕ್ಟಾ: ಬೇಕಾದ್ರೆ ಒಂದು ಸಲ ಗಂಟಲು ಸರಿಮಾಡ್ಕೋ. ಅದಕ್ಕಿಂತ ಹೆಚ್ಚು ಬೇಡ.

ಕೋಲ್ಮನ್ ನಾಟನ್ ಪಕ್ಕದ ಹೊಲದವನು. ಇವರ ಹಸುಗಳು ಅವನ ಬೇಲಿ ಮುರಿಯುತ್ತಿದ್ದವು, ಅವನ ಹಸುಗಳು ಇವರದನ್ನು. ಹೀಗಾಗಿ ಎರಡು ಮನೆಗಳ ನಡುವೆ ಒಳ್ಳೆಯ ಸ್ನೇಹವಿತ್ತು. ಬಾಗಿಲಿಗೆ ಬಂದವನು ಹೊಸಿಲಿನ ಆಚೆಗೇ ನಿಂತು ಟೋಪಿ ತೆಗೆದ.

ಅಟ್ರಾಕ್ಟಾ: ಬಾ ಕೋಲ್ಮನ್, ಒಳಗೆ ಬಾ.

ಕೋಲ್ಮನ್: ಇಲ್ಲ ಇಲ್ಲ, ನಿಲ್ಲೋಕೂ ಪುರುಸೊತ್ತಿಲ್ಲ. ಈ ಕಡೆ ಹೋಗ್ತಿದ್ದೆ.

ಆ ಕಡೆ ಹೋದರೆ ಸಿಗುವುದು ಈ ಮನೆಯೊಂದೇ. ಅವನು ಆಗಲೇ ಒಂದು ಬೂಟು ಬಿಚ್ಚಿದ್ದ.

ಅಟ್ರಾಕ್ಟಾ: ಒಂದು ಲೋಟ ಚಹಾ ಕುಡಿ.

ಕೋಲ್ಮನ್: ಬೇಡಮ್ಮ, ಈಗ ತಾನೇ ಕುಡಿದು ಬಂದೆ.

ಅಟ್ರಾಕ್ಟಾ: ಒಂದೇ ಲೋಟ.

ಕೋಲ್ಮನ್: ಅಯ್ಯೋ, ಬೇಡವೇ ಬೇಡ. ಹೊಟ್ಟೇಲಿ ಜಾಗ ಇಲ್ಲ.

ಅಟ್ರಾಕ್ಟಾ: ನೀರು ಕುದೀತಾನೇ ಇದೆ ಮಾರಾಯ.

ಕೋಲ್ಮನ್: ಹಂಗಂದ್ರೆ ನಿನ್ನ ಬಲವಂತಕ್ಕೆ, ಬರೀ ಬಾಯಿ ಒದ್ದೆಯಾಗೋಷ್ಟು. ನಿಂತ್ಕೊಂಡೇ ಕುಡಿದು ಹೊರಡ್ತೀನಿ.

ಹೀಗೆಂದು ಅವನು ಒಲೆಯ ಪಕ್ಕದ ದೊಡ್ಡ ಕುರ್ಚಿಯಲ್ಲಿ ಕೂತು ಕಾಲು ಚಾಚಿದ. ಮೂರು ಲೋಟ ಚಹಾ, ಬೆಣ್ಣೆ ಹಚ್ಚಿದ ಕಂದು ಬ್ರೆಡ್ಡು, ಸೇಬಿನ ಕಡುಬು ಎಲ್ಲಕ್ಕೂ ಹೊಟ್ಟೆಯಲ್ಲಿ ಜಾಗ ಸಿಕ್ಕಿತು. ಮಳೆ ಬರಬಹುದು, ಬರದೆಯೂ ಇರಬಹುದು ಎಂದು ಮೂವರೂ ಒಪ್ಪಿಕೊಂಡರು. ಯಾರೋ ಸತ್ತಿದ್ದರು, ಅವರ ಬಗ್ಗೆ ಒಳ್ಳೆಯ ಮಾತಾಡಿದ್ದಾಯಿತು. ಅಟ್ರಾಕ್ಟಾ ಮಾತ್ರ ಕೂತಲ್ಲೇ ಕುದಿಯುತ್ತಿದ್ದಳು.

ಅಟ್ರಾಕ್ಟಾ: ಒಣ ಹವೆ ಇನ್ನೊಂದು ವಾರ ಇರುತ್ತಂತೆ. ಗಾಲ್ವೇ ಕಡೆ ಸಮುದ್ರ ಬೆಚ್ಚಗಿದೆಯಂತೆ.

ಕೋಲ್ಮನ್: ಬೆಚ್ಚಗಿರುತ್ತೆ. ಬೇಸಿಗೆ ಬಿಸಿಲೆಲ್ಲ ಕುಡಿದಿರುತ್ತಲ್ಲ.

ಅಟ್ರಾಕ್ಟಾ: ಹೋಗೋ ಮನಸ್ಸೇನೋ ಇದೆ. ಆದ್ರೆ ಹಸುಗಳನ್ನ ಬಿಟ್ಟು ಹೆಂಗೆ ಹೋಗೋದು? ಕೆಂಪಿ ಬೇರೆ ಇವತ್ತೋ ನಾಳೆಯೋ ಕರು ಹಾಕೋ ಹಂಗಿದೆ.

ಕೋಲ್ಮನ್ ಚಹಾದ ಲೋಟ ಕೆಳಗಿಟ್ಟ. ಅವನ ಮುಖ ಸ್ವಲ್ಪ ಬಿಳಿಚಿತು. ಅದು ಔದಾರ್ಯದ ಭಾರಕ್ಕೆ ಎಂದುಕೊಂಡಳು ಅಟ್ರಾಕ್ಟಾ.

ಕೋಲ್ಮನ್: ಅಲ್ಲಾ ಜಾರ್ಲತ್, ಆವತ್ತೇ ಹೇಳಿದ್ನಲ್ಲ. ಹಸುಗಳಿಗೇನು, ನಾನು ನೋಡ್ಕೋತೀನಿ.

ಜಾರ್ಲತ್: ಛೆ ಛೆ, ನಿನಗ್ಯಾಕಪ್ಪ ತೊಂದರೆ! ನಿನ್ನವೇ ನಿನಗೆ ಸಾಕಾಗಿವೆ. ಅಯ್ಯಪ್ಪಾ!

ಕೊನೆಯ ಮಾತು ಮೇಜಿನ ಕೆಳಗಿನ ಒದೆತಕ್ಕೆ ಬಂದದ್ದು.

ಕೋಲ್ಮನ್: ಏನಾಯ್ತು?

ಅಟ್ರಾಕ್ಟಾ: ಮಂಡಿ ನೋವು ಅವನಿಗೆ. ಬಾರೋ ಜಾರ್ಲತ್, ಹಿಂದಿನ ಕೋಣೇಲಿ ಎಣ್ಣೆ ಇದೆ.

ಹಿಂದಿನ ಕೋಣೆಯಲ್ಲಿ ಆಲೂಗಡ್ಡೆ ಮೂಟೆಗಳ ನಡುವೆ ತಮ್ಮನನ್ನು ನಿಲ್ಲಿಸಿ ಅವಳು ಪಿಸುದನಿಯಲ್ಲೇ ಕೂಗಾಡಿದಳು.

ಅಟ್ರಾಕ್ಟಾ: ಅದೇ ಮೂರನೇದು ಕಣೋ, ಮುಠ್ಠಾಳ! ಅದೇ ಮೂರನೇದು!

ಜಾರ್ಲತ್: ಎಲ್ಲಿ ಮೂರನೇದು? ಭಾನುವಾರದ್ದು ಭಾನುವಾರಕ್ಕೇ ಮುಗೀತು. ಅದು ಚರ್ಚಿನ ಗೇಟಲ್ಲಿ. ಇದು ನಮ್ಮ ಮನೆ. ಹೊಸ ಜಾಗ, ಹೊಸ ಲೆಕ್ಕ. ಇದು ಮೊದಲನೇದು.

ಅಟ್ರಾಕ್ಟಾ: ಅವನ ಲೆಕ್ಕದಲ್ಲಿ ಮೂರು ಸಲ ಕೇಳಿದ್ದಾಯ್ತು, ಮೂರು ಸಲ ನೀನು ಬೇಡ ಅಂದಿದ್ದಾಯ್ತು. ಇನ್ನು ಅವನು ಜನ್ಮದಲ್ಲಿ ಕೇಳಲ್ಲ.

ಜಾರ್ಲತ್: ಇನ್ನೆರಡು ಸಲ ಕೇಳ್ತಾನೆ, ನೋಡ್ತಿರು. ಒಳ್ಳೇ ಮನೆತನದವನು.

ಅಟ್ರಾಕ್ಟಾ: ನನಗೆ ಪಾಠ ಹೇಳ್ಬೇಡ. ಸಾಲ್ಟ್‌ಹಿಲ್‌ನ ಡಾನ್ಸ್ ಹಾಲಲ್ಲಿ ನನ್ನ ಹರೆಯದಲ್ಲಿ ಆ ಟ್ಯೂಮ್ ಊರಿನ ಹುಡುಗ ನನ್ನನ್ನ ಕುಣಿಯೋಕೆ ಕರೆದ. ಬೇಡ ಅಂದೆ. ಇನ್ನೊಂದು ಸಲ ಕರೆದ. ಅಯ್ಯೋ ಬೇಡವೇ ಬೇಡ ಅಂದೆ. ಆಮೇಲೆ ಬ್ಯಾಗು ಪಕ್ಕಕ್ಕಿಟ್ಟು ಲಂಗ ಸರಿಮಾಡ್ಕೊಂಡು ಕಾಯ್ತಾ ಕೂತೆ. ಅವನು ಹೋಗಿ ಪಕ್ಕದ ಬೆಂಚಿನವಳನ್ನ ಕರೆದ. ಈಗ ಅವರಿಗೆ ಐದು ಮಕ್ಕಳು.

ಜಾರ್ಲತ್: ಅವನು ಟ್ಯೂಮಿನವನು. ಅವರಿಗೆ ರೀತಿ ನೀತಿ ಎಲ್ಲಿಂದ ಬರ್ಬೇಕು?

ಅವಳಿಗೆ ಅಳುವೂ ಬಂತು, ನಗುವೂ ಬಂತು. ಇಂಥವನ ಜೊತೆ ವಾದ ಮಾಡಿ ತಾನು ಮುದುಕಿಯಾದೆನಲ್ಲ ಎಂದುಕೊಂಡಳು. ಅಡುಗೆಮನೆಗೆ ವಾಪಸು ಬಂದು, ಕೂರದೆ, ಎರಡೂ ಕೈಯನ್ನು ಮೇಜಿನ ಮೇಲೂರಿ ನಿಂತಳು.

ಅಟ್ರಾಕ್ಟಾ: ಕೋಲ್ಮನ್, ಗುರುವಾರದಿಂದ ನಾಲ್ಕು ದಿನ ನಾವು ಗಾಲ್ವೇಲಿ ಇರ್ಬೇಕು. ನಮ್ಮ ಹಸುಗಳನ್ನ ನೀನು ನೋಡ್ಕೋಬೇಕು. ನೋಡ್ಕೋತೀಯಾ?

ಕ್ಲೂನ್‌ಬಾನಿನಲ್ಲಿ ಜಗಳಗಳಾಗಿವೆ, ಒಂದು ಸಲ ಪೊಲೀಸರೂ ಬಂದಿದ್ದಾರೆ. ಆದರೆ ಒಬ್ಬರು ಇನ್ನೊಬ್ಬರನ್ನು ಹೀಗೆ ಹಾಡಹಗಲು ನೇರವಾಗಿ ಕೇಳಿದ್ದು ಯಾರಿಗೂ ನೆನಪಿಲ್ಲ. ಜಾರ್ಲತ್ ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿಕೊಂಡ. ಕೋಲ್ಮನ್ ಬಾಯಿಯಲ್ಲಿದ್ದ ಕಡುಬನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದ.

ಕೋಲ್ಮನ್: ನೋಡ್ಕೋಬಹುದಿತ್ತು... ಅಂದ್ರೆ, ಗುರುವಾರ ಅಂದ್ಯಾ?

ಅಟ್ರಾಕ್ಟಾ: ಗುರುವಾರ.

ಕೋಲ್ಮನ್: ಗುರುವಾರ ನಾನು ಊರಲ್ಲಿರಲ್ಲ ಅಟ್ರಾಕ್ಟಾ.

ಅಟ್ರಾಕ್ಟಾ: ಎಲ್ಲಿರ್ತೀಯ?

ಕೋಲ್ಮನ್: ಗಾಲ್ವೇಲಿ. ನನ್ನ ಹೆಂಡತಿ ಡಿಂಪ್ನಾಳ ತಂಗಿ ಮನೆಗೆ ಹೋಗೋಣ ಅಂತ. ಸಮುದ್ರ ಬೆಚ್ಚಗಿರುತ್ತೆ ಅಂತ ಅವಳೂ ಪ್ರಾಣ ತಿಂತಿದಾಳೆ.

ಅಟ್ರಾಕ್ಟಾ: ಮತ್ತೆ ನಮ್ಮ ಹಸು ನೋಡ್ಕೋತೀನಿ ಅಂತ ಬಾಯಿ ತುಂಬ ಹೇಳಿದ್ಯಲ್ಲ! ಈಗ ತಾನೇ ಹೇಳಿದ್ಯಲ್ಲ!

ಕೋಲ್ಮನ್: ನಾನು ಮೊದಲು ಹೇಳದೆ ಇವನು ಹೆಂಗೆ ಹೇಳ್ತಾನೆ? ನಿನ್ನ ಹಸು ನಾನು ನೋಡ್ಕೋತೀನಿ ಅಂದ್ರೆ, ಬೇಡಪ್ಪ, ನಿನ್ನ ಹಸುಗಳನ್ನೇ ನಾನು ನೋಡ್ಕೋತೀನಿ ಅಂತಾನೆ ಅಂದ್ಕೊಂಡಿದ್ದೆ. ಬಾಯಿಬಿಟ್ಟು ಕೇಳೋಕಾಗುತ್ತಾ ಮತ್ತೆ?

ಅಟ್ರಾಕ್ಟಾ: ಇವನು ಹೂಂ ಅಂದುಬಿಟ್ಟಿದ್ರೆ ಏನು ಮಾಡ್ತಿದ್ದೆ?

ಕೋಲ್ಮನ್: ಜಾರ್ಲತ್? ಹೂಂ ಅನ್ನೋದಾ? ಅಪೆಂಡಿಕ್ಸ್ ಒಡೆಯೋ ಹಂಗಿದ್ದಾಗ ಆಂಬುಲೆನ್ಸ್ ಡ್ರೈವರ್‌ಗೆ, ನಿಮಗ್ಯಾಕೆ ತೊಂದರೆ ಅಂತ ಎರಡು ಸಲ ಅಂದವನು ಇವನು. ಇವನ ಮೇಲೆ ನನಗೆ ಪೂರ್ತಿ ನಂಬಿಕೆ ಇತ್ತು. ಆದ್ರೂ ಭಾನುವಾರ ಎರಡು ಸಲ ಆದ್ಮೇಲೆ ಎದೆ ಡವಡವ ಅಂತು ನೋಡು. ಪಾದ್ರಿ ಬಂದು ಕಾಪಾಡಿದ್ರು.

ಜಾರ್ಲತ್ ಕಣ್ಣು ಬಿಟ್ಟ. ಇಷ್ಟು ಹೊತ್ತು ಅವಮಾನದಿಂದ ಕುಗ್ಗಿದ್ದ ಮುಖದಲ್ಲಿ ಈಗ ಕಳೆ ಬಂದಿತ್ತು. ಊರಿನಲ್ಲಿ ಒಬ್ಬನಾದರೂ ತನ್ನ ಮರ್ಯಾದೆಯನ್ನು ಇಷ್ಟು ಸರಿಯಾಗಿ ತೂಗಿದ್ದಾನಲ್ಲ ಎಂಬ ಸಂತೋಷ ಅದು.

ಜಾರ್ಲತ್: ಇಷ್ಟೇನಾ ಕೋಲ್ಮನ್? ಇದಕ್ಕೆ ಇಷ್ಟು ಒದ್ದಾಡಿದೆಯಾ? ನಿನ್ನ ಹಸುಗಳನ್ನ ನನಗೆ ಬಿಟ್ಟು ನೀನು ಆರಾಮಾಗಿ ಹೋಗಿ ಬಾ.

ಅಟ್ರಾಕ್ಟಾ: ಜಾರ್ಲತ್!

ಕೋಲ್ಮನ್: ಛೆ, ಬೇಡ. ನೀವೂ ಹೋಗ್ಬೇಕು ಅಂತಿದ್ದೀರಿ.

ಜಾರ್ಲತ್: ನಾವೆಲ್ಲಿ ಹೋಗ್ತೀವಿ? ಸುಮ್ನೆ ಮಾತಿಗೆ ಅಂದಿದ್ದು. ನೀನು ಹೋಗು.

ಕೋಲ್ಮನ್: ಅಯ್ಯೋ, ಬೇಡವೇ ಬೇಡ. ಅಟ್ರಾಕ್ಟಾಗೆ ಬೇಜಾರಾಗುತ್ತೆ.

ಜಾರ್ಲತ್: ಅವಳಿಗೆಂಥ ಬೇಜಾರು! ಅವಳು ಹಂಗೆಲ್ಲ ಅಂದ್ಕೊಳ್ಳೋಳಲ್ಲ. ನೀನು ಹೋಗ್ಲೇಬೇಕು.

ಕೋಲ್ಮನ್ ಬಾಗಿಲ ಕಡೆ ಒಂದು ಸಲ ನೋಡಿದ. ಯಾವ ಪಾದ್ರಿಯೂ ಬರುತ್ತಿರಲಿಲ್ಲ.

ಕೋಲ್ಮನ್: ಹಂಗಂದ್ರೆ ನಿನ್ನ ಬಲವಂತಕ್ಕೆ ಜಾರ್ಲತ್.

ಇಬ್ಬರೂ ಕೈಕುಲುಕಿದರು. ಅಟ್ರಾಕ್ಟಾಳ ಸಮುದ್ರ ಅವಳ ಕಣ್ಣೆದುರಿಗೇ, ಅವಳದೇ ಅಡುಗೆಮನೆಯಲ್ಲಿ, ಅವಳದೇ ಕಡುಬು ತಿಂದ ಮನುಷ್ಯನ ಪಾಲಾಯಿತು. ಗೋಡೆಯ ಗಡಿಯಾರದಲ್ಲಿ ಸಾಯಂಕಾಲ ಹತ್ತಿರವಾಗುತ್ತಿತ್ತು, ಮಿಸೆಸ್ ಹ್ಯಾನಿಫಿನ್ ಮಾತಿಗೆ ತಪ್ಪುವ ಹೆಂಗಸಲ್ಲ. ಅವಳು ಕೂತು ಬಟ್ಟಲು ಜೋಡಿಸತೊಡಗಿದಳು.

ಆ ಬಟ್ಟಲುಗಳ ಸದ್ದು ಕೋಲ್ಮನ್‌ನನ್ನು ಚುಚ್ಚಿತು. ಗೆದ್ದವನು ಸೋತವರಿಗೆ ಏನಾದರೂ ಒಂದು ಒಳ್ಳೆಯ ಮಾತಾಡಿ ಹೊರಡುವುದು ಅಲ್ಲಿಯ ರೂಢಿ. ಒಂದು ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಅವನು ಆ ಒಳ್ಳೆಯ ಮಾತನ್ನು ಆಡಿದ.

ಕೋಲ್ಮನ್: ಅಟ್ರಾಕ್ಟಾ, ಕಾರಲ್ಲಿ ಹಿಂದಿನ ಸೀಟು ಖಾಲೀನೇ ಇದೆ. ನೀನಾದ್ರೂ ನಮ್ಮ ಜೊತೆ ಬರಬಹುದಲ್ಲ.

ಇದಕ್ಕೆ ಉತ್ತರ ಏನೆಂದು ಮೂವರಿಗೂ ಗೊತ್ತಿತ್ತು. ಜಾರ್ಲತ್ ಅಕ್ಕನ ಪರವಾಗಿ ಅದನ್ನು ಆಗಲೇ ಶುರು ಮಾಡಿದ್ದ.

ಜಾರ್ಲತ್: ಅಯ್ಯೋ, ಅವಳೆಲ್ಲಿ ಬರ್ತಾಳೆ, ನಿಮಗ್ಯಾಕೆ ಸುಮ್ನೆ...

ಅಟ್ರಾಕ್ಟಾ: ಎಷ್ಟು ಹೊತ್ತಿಗೆ ಹೊರಡ್ತೀರಿ?

ಕೋಲ್ಮನ್‌ನ ಕೈಯಲ್ಲಿದ್ದ ಬೂಟು ಕೆಳಗೆ ಬಿತ್ತು.

ಕೋಲ್ಮನ್: ಏನಂದೆ?

ಅಟ್ರಾಕ್ಟಾ: ಎಷ್ಟು ಹೊತ್ತಿಗೆ ಅಂದೆ. ಬೆಳಿಗ್ಗೆನಾ, ಮಧ್ಯಾಹ್ನನಾ? ನಾನು ತಯಾರಾಗಿರ್ತೀನಿ.

ಕೋಲ್ಮನ್: ಅಲ್ಲ, ಕಾರು ಸ್ವಲ್ಪ ಚಿಕ್ಕದು...

ಅಟ್ರಾಕ್ಟಾ: ನಾನೂ ಚಿಕ್ಕವಳೇ.

ಕೋಲ್ಮನ್: ಡಿಂಪ್ನಾ ದಾರಿಯುದ್ದಕ್ಕೂ ಜಪಮಾಲೆ ಹೇಳ್ತಾಳೆ, ಜೋರಾಗಿ.

ಅಟ್ರಾಕ್ಟಾ: ಒಳ್ಳೇದಾಯ್ತು. ನಾನೂ ಹೇಳ್ತೀನಿ, ಅವಳಿಗೆ ಜೊತೆಯಾಯ್ತು.

ಕೋಲ್ಮನ್: ತಂಗಿ ಮನೇಲಿ ಜಾಗ...

ಅಟ್ರಾಕ್ಟಾ: ನನಗೆ ಕೋಣೆ ಇದೆ ಕೋಲ್ಮನ್. ಸಮುದ್ರದ ಕಡೆ ಕಿಟಕಿ ಇರೋದು. ನನ್ನನ್ನ ಅದರ ಬಾಗಿಲಲ್ಲಿ ಇಳಿಸಿದ್ರೆ ಸಾಕು.

ಕೋಲ್ಮನ್ ಸಹಾಯಕ್ಕಾಗಿ ಜಾರ್ಲತ್‌ನನ್ನು ನೋಡಿದ. ಜಾರ್ಲತ್ ಒಲೆಯನ್ನು ನೋಡುತ್ತಿದ್ದ. ನಾಲ್ಕು ದಿನ ಅದನ್ನು ಹೊತ್ತಿಸುವವರು ಯಾರು, ಆಲೂಗಡ್ಡೆ ಹೇಗೆ ಬೇಯುತ್ತದೆ ಎನ್ನುವುದು ಅವನ ತಲೆಗೆ ಈಗ ಹೊಳೆದಿತ್ತು. ಮನೆಯೊಳಗೆ ಬರೀ ಅಕ್ಕ ತಮ್ಮ ಇಬ್ಬರೇ ಇದ್ದಾಗ ಅವನು ಇಂಥ ಉಪಚಾರವನ್ನೆಲ್ಲ ಇಟ್ಟುಕೊಂಡವನಲ್ಲ. ಕಡುಬಿನ ಕೊನೆಯ ಹೋಳು ನಿನಗೇ ಇರಲಿ ಎಂದು ಅವಳು ಅಂದರೆ, ಆಯ್ತು ಎಂದು ಮೊದಲ ಸಲಕ್ಕೇ ತಿಂದುಬಿಡುತ್ತಿದ್ದ. ಈಗಲೂ ಹೋಗಬೇಡ ಎನ್ನಲು ಬಾಯಿ ತೆಗೆದ. ಆದರೆ ಪಕ್ಕದಲ್ಲಿ ನೆರೆಮನೆಯವನು ಒಂದು ಕಾಲಿಗೆ ಬೂಟು ಹಾಕಿಕೊಂಡು ನಿಂತಿದ್ದ, ಕಿವಿಯೆಲ್ಲ ತೆರೆದುಕೊಂಡು.

ಅಟ್ರಾಕ್ಟಾ ಅದನ್ನು ನೋಡಿದಳು. ಅವಳ ದನಿ ಜೇನಿನಂತಾಯಿತು.

ಅಟ್ರಾಕ್ಟಾ: ಜಾರ್ಲತ್, ನೀನೊಬ್ಬನೇ ಆಗ್ತೀಯ. ಎರಡು ಮನೆ ಹಸು, ಕೆಂಪಿಯ ಹೆರಿಗೆ, ಅಡುಗೆ ಬೇರೆ. ನನಗೇನೋ ಮನಸ್ಸು ತಡೀತಿಲ್ಲಪ್ಪ. ನಾನು ಮನೇಲೇ ಉಳ್ಕೊಳ್ಳಲಾ?

ಕೋಲ್ಮನ್ ಉಸಿರು ಬಿಗಿಹಿಡಿದು ನೋಡಿದ. ಜಾರ್ಲತ್‌ನ ಹಣೆಯ ಮೇಲೆ ಬೆವರು ಮೂಡಿತು. ತಂದೆ, ತಾತ, ಮುತ್ತಾತ ಎಲ್ಲರೂ ಅವನ ನಾಲಗೆಯ ತುದಿಗೆ ಬಂದು ಕೂತರು.

ಜಾರ್ಲತ್: ಛೆ ಛೆ, ಬೇಡ. ನನಗೇನು? ನೀನು ಆರಾಮಾಗಿ ಹೋಗಿ ಬಾ.

ಹೇಳಿದವನು ಕೈಕಟ್ಟಿ ನಿಂತು ಅಕ್ಕನ ಮುಖವನ್ನೇ ನೋಡುತ್ತ ಎರಡನೇ ಸಲಕ್ಕೆ ಕಾದ. ಅಟ್ರಾಕ್ಟಾ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಎದ್ದು ಹೋಗಿ ಫೋನು ಎತ್ತಿಕೊಂಡಳು.

ಅಟ್ರಾಕ್ಟಾ: ಮಿಸೆಸ್ ಹ್ಯಾನಿಫಿನ್ನಾ? ಹೌದು, ಗುರುವಾರ. ಇಲ್ಲಮ್ಮ, ಇಬ್ಬರಲ್ಲ, ಒಂದೇ ಹಾಸಿಗೆ ಸಾಕು. ತಮ್ಮನಾ? ಅವನಿಗೋಸ್ಕರ ಮನೇಲೇ ಇರ್ತೀನಿ ಅಂತ ಎಷ್ಟು ಹೇಳಿದ್ರೂ ಕೇಳಲೇ ಇಲ್ಲಮ್ಮ, ಪುಣ್ಯಾತ್ಮ.